ಸಾಕೆಂದ ಕೆರೆ

ಬಿಳಿಗಲ್ಲಹಟ್ಟಿಯಲ್ಲಿ ಬಸ್ಸಿಳಿದು, ಇಟ್ಟಿಗೆ ಗೂಡುಗಳನ್ನು ಎಡಕ್ಕೆ ಬಿಟ್ಟು ಅರ್ಧ ಮೈಲಿ ನಡೆದರೆ ಸಾಕೆಂದ ಕೆರೆಯ ಏರಿ ಸಿಗುತ್ತದೆ. ಏರಿಯ ಮೇಲೆ ಎರಡು ಗಾಡಿ ಎದುರುಬದುರಾಗಿ ದಾಟುವಷ್ಟು ಅಗಲವಿದೆ. ಕೆರೆಯ ನಡುವೆ, ಮೂಡಣ ದಡಕ್ಕೆ ಕೊಂಚ ಹತ್ತಿರವಾಗಿ, ಉದ್ದನೆಯದೊಂದು ಮಣ್ಣಿನ ದಿಬ್ಬ. ಸುತ್ತಲೂ ನೀರು ನಿಂತಿರುವಾಗ ಅದು ನಡುಗಡ್ಡೆ. ಏರಿಯ ಬುಡದಲ್ಲಿ ಯಾರೋ ಪುಣ್ಯಾತ್ಮರು ಒಂದು ತಗಡಿನ ಬೋರ್ಡು ನೆಟ್ಟು, ಸಾಕಮ್ಮನೆಂಬ ಗ್ರಾಮದೇವತೆಯಿಂದ ಈ ಕೆರೆಗೆ ಹೆಸರು ಬಂತೆಂದು ಬರೆಸಿದ್ದಾರೆ. ನಮ್ಮೂರಿನಲ್ಲಿ ಆ ಹೆಸರಿನ ದೇವತೆ ಇಲ್ಲ. ಸಾಕಮ್ಮ ಎಂಬ ಹೆಂಗಸೊಬ್ಬಳಿದ್ದಳು, ಸಂತೆಯಲ್ಲಿ ಹುಣಸೇಹಣ್ಣು ಮಾರುತ್ತಿದ್ದಳು. ಆಕೆಗೂ ಕೆರೆಗೂ ಇದ್ದ ಸಂಬಂಧ ಬಟ್ಟೆ ಒಗೆಯುವುದಷ್ಟೇ. ಮೂವತ್ತನಾಲ್ಕು ವರ್ಷ ಈ ಏರಿಯ ಮೇಲೆ ಸೈಕಲ್ ತುಳಿದು ಟಪಾಲು ಹಂಚಿದವನು ನಾನು. ಬೋರ್ಡು ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಆದ್ದರಿಂದ ನಮ್ಮ ಹಿರಿಯರು ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಈ ಕೆರೆಗೆ ಮೊದಲಿದ್ದ ಹೆಸರು ಹಿರಿಕೆರೆ. ಕಾರ್ತಿಕದ ಚಳಿ ಹುಟ್ಟುತ್ತಿದ್ದಂತೆ ಇಲ್ಲಿಗೆ ಬಡಗಣ ದಿಕ್ಕಿನಿಂದ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆ, ಆ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ನಮ್ಮವರು ಅವನ್ನು ನಾಮದ ಬಾತು ಎನ್ನುತ್ತಾರೆ. ಹಿಮಾಲಯದ ಆಚೆಯಿಂದ, ಮನುಷ್ಯನಿಗೆ ಉಸಿರಾಡಲೂ ಆಗದ ಎತ್ತರವನ್ನು ದಾಟಿ ಬರುತ್ತವೆಂದು ಈಗಿನವರು ಓದಿ ತಿಳಿದಿದ್ದಾರೆ. ಹಿಂದಿನವರು ಕಾಶಿಯ ಆಚೆಯಿಂದ ಬರುತ್ತವೆ ಎಂದಷ್ಟೇ ತಿಳಿದಿದ್ದರು. ಬೆಳಗಿನ ಜಾವ ಬಯಲಿನಲ್ಲಿ ಮೇಯ್ದು, ಬಿಸಿಲೇರುವ ಹೊತ್ತಿಗೆ ದಿಬ್ಬಕ್ಕೆ ಬಂದು ಕೊರಳು ಮಡಿಸಿ ಮಲಗುವುದು ಅವುಗಳ ಪದ್ಧತಿ. ಶಿವರಾತ್ರಿ ಕಳೆದ ಮೇಲೆ ಹೊರಟುಹೋಗುತ್ತವೆ. ಗಂಡು ಹೆಣ್ಣು ಜೊತೆಗೂಡಿದವೆಂದರೆ ಸಾಯುವತನಕ ಬಿಡುವುದಿಲ್ಲ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ಹೊಗೆಗುಡ್ಡದ ಪಾಳೆಯಗಾರರ ಕೈಯಲ್ಲಿದ್ದ ಕಾಲದಲ್ಲಿ, ಕಾಟಯ್ಯನೆಂಬುವನು ಹಿರಿಕೆರೆಗೆ ನೀರಗಂಟಿಯಾಗಿದ್ದ. ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವವನು ನೀರಗಂಟಿ. ತೂಬಿನ ಗಂಟಲು ಮುಚ್ಚುವ ಮರದ ಬಿರಡೆಯನ್ನು ಅವನ ಹೊರತು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ನೀರು ಹಂಚುವುದಕ್ಕೆ ನಮ್ಮೂರಿನಲ್ಲಿ ಒಂದು ಕಟ್ಟಳೆಯಿತ್ತು. ಕಾಲುವೆಯ ತಲೆಯಲ್ಲಿ ಗದ್ದೆಯುಳ್ಳವನು ಬಲಿಷ್ಠ, ತುದಿಯಲ್ಲಿರುವವನು ಬಡವ, ಎಲ್ಲ ಊರಿನಲ್ಲೂ ಹೀಗೆಯೇ. ಬಡವನ ಪಾಲನ್ನು ನಡುವಿನವರು ಕುಡಿದುಬಿಡಬಾರದೆಂದು, ತುದಿಗದ್ದೆಗೇ ಮೊದಲ ನೀರು ಎಂದು ಹಿರಿಯರು ಗೊತ್ತು ಮಾಡಿದ್ದರು. ತುದಿಗದ್ದೆಯವನು ತನ್ನ ಬದುವಿನ ಮೇಲೆ ನಿಂತು "ಸಾಕು" ಎಂದು ಕೂಗಬೇಕು. ಅದನ್ನು ಮೇಲಿನ ಗದ್ದೆಯವನು ಕೇಳಿ ಕೂಗಬೇಕು. ಹಾಗೆ ಗದ್ದೆಯಿಂದ ಗದ್ದೆಗೆ ಏರಿ ಆ ಕೂಗು ತೂಬಿಗೆ ಮುಟ್ಟಬೇಕು. ಅದು ಮುಟ್ಟುವವರೆಗೆ ನೀರಗಂಟಿ ತೂಬು ಮುಚ್ಚುವಂತಿಲ್ಲ, ಮುಟ್ಟಿದ ಮೇಲೆ ಗಳಿಗೆಯೂ ತೆರೆದಿಡುವಂತಿಲ್ಲ. ಬಿರಡೆಯನ್ನು ಎದೆಗವಚಿಕೊಂಡು, ಸೊಂಟದುದ್ದದ ನೀರಿನಲ್ಲಿ ನಿಂತು ಅವನು ಈ ಮಾತು ಕೊಡುತ್ತಿದ್ದ. ಕಾಟಯ್ಯನ ಅಪ್ಪ, ತಾತ, ಮುತ್ತಾತ ಯಾರೂ ಈ ಮಾತಿಗೆ ತಪ್ಪಿದವರಲ್ಲ. ಊರಿನಲ್ಲಿ ಅವನಿಗೆ ಇದ್ದ ಆಸ್ತಿ ಅದೊಂದೇ.

ಆ ವರ್ಷ ಹೊಗೆಗುಡ್ಡದವರಿಗೂ ಅವರ ದಾಯಾದಿಗಳಿಗೂ ಕೋಟೆಯೊಂದರ ಸಲುವಾಗಿ ಯುದ್ಧ ಹತ್ತಿತು. ದಳವಾಯಿ ಕೆಂಚಪ್ಪನಾಯಕನಿಗೆ ಬಾಣ ಬೇಕಾಗಿತ್ತು, ಬಾಣಕ್ಕೆ ಗರಿ ಬೇಕಾಗಿತ್ತು. ಹೆಬ್ಬಾತಿನ ರೆಕ್ಕೆಯ ಗರಿ ಕಟ್ಟಿದ ಬಾಣ ಗಾಳಿಗೆ ಅಲುಗುವುದಿಲ್ಲವೆಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಹಿರಿಕೆರೆಯ ದಿಬ್ಬದ ಮೇಲೆ ಆ ಗರಿಗಳು ಸಾವಿರಗಟ್ಟಲೆ ಉಸಿರಾಡುತ್ತ ಮಲಗಿದ್ದವು, ಆದರೆ ಕೈಗೆ ಸಿಗುತ್ತಿರಲಿಲ್ಲ. ಹರಿಗೋಲು ಇಳಿಸಿದರೆ ದೂರದಿಂದಲೇ ಎದ್ದುಬಿಡುತ್ತಿದ್ದವು. ಹಕ್ಕಿಗಳು ಮೇಯಲು ಹೋದಾಗ ಬಲೆ ನೆಟ್ಟು ಅಡಗಿ ಕೂರೋಣವೆಂದರೆ ಊರಿನ ಒಂದೆರಡು ಹರಿಗೋಲಿಗೆ ಅಷ್ಟು ಜನ ಹಿಡಿಸುತ್ತಿರಲಿಲ್ಲ, ಅಷ್ಟು ಆಳದ ಕೆಸರುನೀರಿನಲ್ಲಿ ಬಿದಿರಿನ ಗಳು ಹೊತ್ತ ಆಳುಗಳು ನಡೆದು ದಾಟುವಂತಿರಲಿಲ್ಲ. ಮೂಡಣ ಬದಿಯಲ್ಲಿ ನೀರು ಒಂದಾಳು ಇಳಿದರೆ ದಿಬ್ಬಕ್ಕೆ ನಡೆಯುವ ದಾರಿ ಬೀಳುತ್ತದೆಂದು ದಳವಾಯಿ ಲೆಕ್ಕ ಹಾಕಿದ. ಅವನು ತೂಬು ಒಡೆಸಬಹುದಾಗಿತ್ತು. ಹಾಗೆ ಮಾಡಿದ್ದರೆ ಊರು ತಿರುಗಿ ಬೀಳುತ್ತಿತ್ತೇನೋ. ಅವನು ಊರಿನ ಕಟ್ಟಳೆಯನ್ನೇ ಊರಿನ ಕೊರಳಿಗೆ ಹಗ್ಗ ಮಾಡಿದ. ತುದಿಗದ್ದೆಯ ಮುದುಕನನ್ನು ಹೆದರಿಸಿ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಕೊಂಡ. ಆಮೇಲೆ ನೀರಗಂಟಿಗೆ ಹೇಳಿಕಳಿಸಿದ, ತನ್ನ ಗದ್ದೆಗೆ ನೀರು ಬೇಕೆಂದು.

ಕಾಟಯ್ಯ ತೂಬು ತೆರೆದ. ಒಂದು ದಿನಕ್ಕೆ ಗದ್ದೆ ತುಂಬಿತು. ಸಾಕೆಂಬ ಕೂಗು ಬರಲಿಲ್ಲ. ಎರಡನೆಯ ದಿನಕ್ಕೆ ನೀರು ಬದುವಿನ ಮೇಲೆ ಹೊರಳಿ ಹಳ್ಳಕ್ಕೆ ಹರಿಯತೊಡಗಿತು. ಆಗಲೂ ಬರಲಿಲ್ಲ. ನಾಲ್ಕನೆಯ ದಿನ ಅವನು ಗದ್ದೆಯ ತನಕ ಇಳಿದುಹೋಗಿ ದಳವಾಯಿಯ ಮುಂದೆ ಕೈಮುಗಿದು ನಿಂತ.

"ಬುದ್ಧಿ, ಗದ್ದೆ ತುಂಬಿ ಹರೀತಾ ಐತೆ. ಬ್ಯಾಸಗೆಗೆ ಊರು ಕುಡಿಯೋ ನೀರು ಅದು. ಒಂದು ಮಾತು ಸಾಕು ಅಂದ್ಬಿಡಿ."

"ನನ್ನ ಗದ್ದೆ ಬಾಯಾರಿಕೆ ನಿನಗೇನು ಗೊತ್ತು? ಬಿಡೋದು ನಿನ್ನ ಕೆಲಸ, ಸಾಕು ಅನ್ನೋದು ನನ್ನ ಕೆಲಸ. ಹೋಗು," ಎಂದನಂತೆ ದಳವಾಯಿ.

ಹಿರಿಯರು ಸೇರಿ ಆ ಒಂದು ಸಲಕ್ಕೆ ಕಟ್ಟಳೆಯನ್ನು ಬದಿಗಿಡಬಹುದಾಗಿತ್ತು. ಕಾಟಯ್ಯ ಮನೆ ಮನೆಗೆ ಹೋಗಿ ಕೇಳಿದ. ಒಬ್ಬರು ತಮಗೆ ಕಾಲುನೋವೆಂದರು, ಒಬ್ಬರು ಹಿರಿಯ ಮಗನನ್ನು ಕೇಳಬೇಕೆಂದರು, ಒಬ್ಬರು ಹಕ್ಕಿಗಳು ಕಡಲೆಯ ಸಸಿ ಕಿತ್ತು ತಿನ್ನುತ್ತವಲ್ಲ, ತೊಲಗಲಿ ಬಿಡು ಎಂದರು. ಇವರೆಲ್ಲ ನನ್ನ ಮುತ್ತಾತಂದಿರು. ಬೈಯುವ ಹಕ್ಕು ನನಗಿದೆ. ಹೇಡಿಗಳು. ಎಂಟನೆಯ ದಿನ ಮೂಡಣ ಬದಿಯಲ್ಲಿ ಕೆರೆಯ ತಳ ಮೇಲೆದ್ದು, ದಡದಿಂದ ದಿಬ್ಬಕ್ಕೆ ದಾರಿ ಬಿತ್ತು.

ಒಂಬತ್ತನೆಯ ದಿನ ಬೆಳಗಾಗುವಾಗ, ಬಾತುಗಳು ಬಯಲಿಗೆ ಹಾರಿದ ಮೇಲೆ, ದಳವಾಯಿಯ ಆಳುಗಳು ದಿಬ್ಬದ ಉದ್ದಕ್ಕೂ ಗಳು ನೆಟ್ಟು ಬಲೆ ಕಟ್ಟಿದರು. ಕೆರೆಯಂಚಿನಲ್ಲಿ ಬೆಳೆಯುವ ಆಪಿನ ಹುಲ್ಲು ಹೊದ್ದು ಕೆಸರಿನಲ್ಲಿ ಮಲಗಿದರು. ಬಿಸಿಲೇರಿದಾಗ ಹಿಂಡುಗಳು ಒಂದರ ಹಿಂದೊಂದು ಬಂದಿಳಿದವು. ಕೊರಳು ಮಡಿಸುವವರೆಗೆ ಕಾದು ಆಳುಗಳು ಹಗ್ಗ ಜಗ್ಗಿದರು. ಬಲೆ ಬಿತ್ತು, ದೊಣ್ಣೆಗಳು ಎದ್ದವು. ಕೊರಳಿಗೆ ಹೊಡೆದರೆ ಗರಿ ಕೆಡುವುದಿಲ್ಲವೆಂದು ಮೊದಲೇ ಹೇಳಿಕೊಟ್ಟಿದ್ದರು. ಆದರೆ ರಕ್ತ ಕಂಡ ಮೇಲೆ ಯಾರಿಗೆ ಯಾವುದರ ನೆನಪು? ತಲೆ ಜಜ್ಜಿದರು, ಬೆನ್ನು ಮುರಿದರು, ಬಲೆಯ ಮೇಲೆಯೇ ಓಡಾಡಿ ಕಾಲಿನಲ್ಲಿ ತುಳಿದರು. ಸಾಯದವುಗಳ ರೆಕ್ಕೆಯನ್ನು ಬುಡಕ್ಕೆ ಕುಡುಗೋಲಿನಿಂದ ಕತ್ತರಿಸಿ ಬುಟ್ಟಿಗೆ ಹಾಕಿ, ಉಳಿದ ಮುಂಡವನ್ನು ನೀರಿಗೆಸೆದರು. ಮುಂಡಗಳು ಈಜಲು ನೋಡುತ್ತಿದ್ದವು ಎನ್ನುತ್ತಾರೆ. ಬಲೆಗೆ ಬೀಳದ ಹಕ್ಕಿಗಳು ತಪ್ಪಿಸಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಕೆಳಗೆ ಅವುಗಳ ಜೊತೆಯವು ಅರಚುತ್ತಿದ್ದವು. ಮೇಲೆ ಸುತ್ತು ಹಾಕುತ್ತ ಕೂಗಿ ಕೂಗಿ, ಕೊನೆಗೆ ದೊಣ್ಣೆಗಳ ನಡುವೆಯೇ ಬಂದಿಳಿದವು. ಮಾರನೆಯ ದಿನವೂ ಬಂದವು, ಅದರ ಮಾರನೆಯ ದಿನವೂ ಬಂದವು. ಆ ಮೂರು ದಿನ ಕೆರೆಯ ಮೂಡಣ ಭಾಗದ ನೀರನ್ನು ದನಗಳು ಮೂಸಿ ಹಿಂದಕ್ಕೆ ಸರಿದವು.

ಊರಿನಲ್ಲಿ ಮಾತ್ರ ಎಲ್ಲ ಮನೆಯ ಒಲೆಯ ಮೇಲೂ ಬಾತಿನ ಮಾಂಸ ಬೇಯುತ್ತಿತ್ತು. ದಳವಾಯಿಗೆ ಬೇಕಾಗಿದ್ದದ್ದು ಗರಿ ಮಾತ್ರ, ಮಾಂಸವನ್ನು ಊರಿಗೆ ಬಿಟ್ಟಿದ್ದ. ಹಳ್ಳದ ದಂಡೆಯಲ್ಲಿ, ತುದಿಗದ್ದೆಯಿಂದ ಹೊರಳಿ ಹರಿಯುವ ನೀರಿನಲ್ಲಿ ಗರಿ ತೊಳೆದು ಒಣಗಿಸಲು ಬಿಡಾರ ಹೂಡಿದ್ದರು. ಕೂಲಿಗೆ ಗರಿ ಕೀಳಲು ಊರಿನ ಹೆಂಗಸರೂ ಹೋಗಿದ್ದರು. ಹೋಗದವಳು ಕಾಟಯ್ಯನ ಹೆಂಡತಿ ಬೋರಕ್ಕ. ಮೂರನೆಯ ದಿನ ಆಕೆ ದಿಬ್ಬದ ಕಡೆಗೆ ಹೋಗಿ, ಹೆಣಗಳ ನಡುವೆ ಒಂದು ರೆಕ್ಕೆ ಮಾತ್ರ ಮುರಿದು ಬಿದ್ದಿದ್ದ ಹೆಣ್ಣು ಬಾತನ್ನು ಸೆರಗಿನಲ್ಲಿ ಸುತ್ತಿ ತಂದಳು. ದಾರಿಯುದ್ದಕ್ಕೂ ಅದರ ಗಂಡು ತಲೆಯ ಮೇಲೆಯೇ ಹಾರುತ್ತ ಬಂತು. ಬೋರಕ್ಕ ಹಕ್ಕಿಯ ರೆಕ್ಕೆಗೆ ಅರಿಸಿನ ಮೆತ್ತಿ ಬಟ್ಟೆ ಕಟ್ಟುತ್ತಿದ್ದರೆ ಅದು ಮನೆಯ ಮಾಳಿಗೆಯ ಅಂಚಿನಲ್ಲಿ ಕೂತು ಕೂಗಿತು. ಆ ಕೂಗು ಕೇಳಿ ಆಳುಗಳಿಬ್ಬರು ಅಂಗಳಕ್ಕೆ ಬಂದರು. ಒಬ್ಬ ಕವಣೆ ಬೀಸಿ ಮಾಳಿಗೆಯ ಮೇಲಿನದನ್ನು ಉರುಳಿಸಿದ. ಇನ್ನೊಬ್ಬ ಬೋರಕ್ಕನ ಮಡಿಲಿನಿಂದ ಹೆಣ್ಣನ್ನು ಕಿತ್ತುಕೊಂಡು, ಆಕೆಯ ಕಣ್ಣೆದುರಿಗೇ ಒದ್ದೆ ಬಟ್ಟೆ ಹಿಂಡುವ ಹಾಗೆ ಅದರ ಕೊರಳು ತಿರುಚಿದ. ಎರಡನ್ನೂ ಕಾಲು ಹಿಡಿದು ತೂಗಿಸಿಕೊಂಡು ಹೋದರು.

ಕಾಟಯ್ಯ ಬಾಗಿಲಲ್ಲಿ ನಿಂತು ನೋಡಿದ್ದ. ಬೋರಕ್ಕ ಅಳಲಿಲ್ಲವಂತೆ.

"ಮಾತು ಉಳಿಸ್ಕೊಂಡೆ ನೀನು," ಎಂದಳು. "ಏನು ಕೊಟ್ಟು ಉಳಿಸ್ಕೊಂಡೆ ಅಂತ ನೋಡ್ದಾ?"

ಅವನು ಮೂಲೆಯಲ್ಲಿದ್ದ ಹಾರೆಯನ್ನು ತೆಗೆದುಕೊಂಡ. "ಸಾಕು ಅನ್ನೋಗಂಟ ನೀರು ಬಿಡ್ತೀನಿ ಅಂತ ತಾನೆ ನನ್ನ ಮಾತು. ಇಷ್ಟು ದಿನ ಕೈಬಿಗಿ ಹಿಡಿದು ಬಿಟ್ಟೆ. ಈಗ ಬಿಡ್ತೀನಿ ನೋಡು," ಎಂದು ಹೊರಟ.

ನಡುಮಧ್ಯಾಹ್ನ. ಕೆರೆಯ ನೀರು ಮೂಡಣದಲ್ಲಿ ಇಳಿದಿದ್ದರೂ ಏರಿಯ ಕಡೆ ಇನ್ನೂ ಎರಡಾಳು ಆಳವಿತ್ತು. ತೂಬಿನ ಗಂಟಲಿಗೆ ಅಡ್ಡಲಾಗಿ ಒಂದು ಚಪ್ಪಡಿ ಇತ್ತು. ಬಿರಡೆಯ ತೂತು ಇದ್ದದ್ದು ಅದರಲ್ಲಿಯೇ. ಆ ಚಪ್ಪಡಿ ಸರಿದರೆ ನೀರಿಗೆ ಲಂಗುಲಗಾಮು ಇರುವುದಿಲ್ಲವೆಂಬುದು ನೀರಗಂಟಿಯ ಮನೆಯವರಿಗೆ ಮಾತ್ರ ಗೊತ್ತಿದ್ದ ಸಂಗತಿ. ಕಾಟಯ್ಯ ಮುಳುಗಿ ಹೋಗಿ, ಹಾರೆ ಕೊಟ್ಟು, ಮೂರು ಸಲ ಉಸಿರಿಗೆ ಮೇಲೆ ಬಂದು, ನಾಲ್ಕನೆಯ ಸಲಕ್ಕೆ ಅದನ್ನು ಮೀಟಿಬಿಟ್ಟ. ಏರಿ ನಡುಗಿತು. ಕಾಲುವೆ ಎರಡೂ ಬದಿಗೆ ಹರಿದುಕೊಂಡು ಹೋಯಿತು. ತಲೆಗದ್ದೆಗಳ ಬದುಗಳು ಒಂದೊಂದಾಗಿ ಕಿತ್ತುಬಂದವು, ಕಲ್ಲು ಕೆಸರು ಬೇರುಸಹಿತ ಮರಗಳು ಒಟ್ಟಾಗಿ ಉರುಳಿ ಹಳ್ಳದ ದಂಡೆಯ ಬಿಡಾರದ ಮೇಲೆ ಬಿದ್ದವು. ಗರಿ ಒಣಹಾಕುತ್ತಿದ್ದವರು ತಲೆಯೆತ್ತುವಷ್ಟರಲ್ಲಿ ನೀರಿನಡಿಯಲ್ಲಿದ್ದರು. ಆಳುಗಳು ಸತ್ತರು, ಕಟ್ಟಿದ್ದ ಕುದುರೆಗಳು ಹಗ್ಗದಲ್ಲೇ ಸತ್ತವು, ಕೂಲಿಗೆ ಹೋಗಿದ್ದ ಊರಿನ ಹೆಂಗಸರಲ್ಲಿ ಇಬ್ಬರು ಸತ್ತರು. ಅವರ ಹೆಸರು ಯಾರೂ ನೆನಪಿಟ್ಟುಕೊಂಡಿಲ್ಲ. ಕತೆ ಹೇಳುವಾಗ ಬಹಳ ಜನ ಅವರನ್ನು ಬಿಟ್ಟೇಬಿಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ.

ದಳವಾಯಿ ಕೆಂಚಪ್ಪನಾಯಕ ಒಂದು ಹೊಂಗೆಮರದ ಕೊಂಬೆಗೆ ಜೋತುಬಿದ್ದಿದ್ದ. ನೀರು ಎದೆಗೆ ಬಂತು, ಕುತ್ತಿಗೆಗೆ ಬಂತು. ತೇಲಿಬಂದ ದಿಮ್ಮಿಯೊಂದು ಬಡಿದು ಅವನ ತೊಡೆ ಮುರಿಯಿತು. ಆಗ ಅವನು ಕೂಗಿದ.

"ಸಾಕು! ಸಾಕು ಕಣೋ ಕಾಟಯ್ಯ, ಸಾಕು!"

ಮೇಲಿನ ಗದ್ದೆಯ ದಿಣ್ಣೆ ಹತ್ತಿ ಜೀವ ಉಳಿಸಿಕೊಂಡಿದ್ದವನೊಬ್ಬ ಅದನ್ನು ಕೇಳಿದ. ಅಷ್ಟು ಭಯದಲ್ಲೂ ಅವನ ಗಂಟಲು ಹಳೆಯ ರೂಢಿಯನ್ನು ಮರೆಯಲಿಲ್ಲ. ಅವನು ಕೂಗಿದ, ಅವನ ಮೇಲಿನವನು ಕೂಗಿದ, ಹನ್ನೊಂದು ದಿನ ಬಾರದಿದ್ದ ಮಾತು ದಿಣ್ಣೆಯಿಂದ ದಿಣ್ಣೆಗೆ ಏರಿ ತೂಬಿಗೆ ಬಂತು. ಕಾಟಯ್ಯ ಏರಿಯ ಮೇಲೆ ಏದುಸಿರು ಬಿಡುತ್ತ ಕೂತಿದ್ದ. ಅಲ್ಲಿಗೆ ಓಡಿಬಂದಿದ್ದ ಜನ ಅವನನ್ನು ಹಿಡಿದುಕೊಂಡರಂತೆ. ಮಾಡಬೇಕಾದ್ದು ಮಾಡಿದ್ದೀಯ, ಇನ್ನು ದೇವರು ಮುಚ್ಚಿದರೇ ಮುಚ್ಚೀತು, ಕೂತ್ಕೋ ಎಂದರಂತೆ. ಸಾಕು ಅಂದಮೇಲೆ ಗಳಿಗೆಯೂ ತೆರೆದಿಡುವಂತಿಲ್ಲ ಎಂದಷ್ಟೇ ಹೇಳಿ ಅವನು ಕೈ ಬಿಡಿಸಿಕೊಂಡ. ಬಿರಡೆಯನ್ನು ಎದೆಗವಚಿಕೊಂಡು, ಕಾಲು ಮುಂದಾಗಿ, ತೂಬಿನ ಸುಳಿಗೆ ಇಳಿದ. ನೀರು ಅವನನ್ನು ಗಂಟಲಿಗೆ ಎಳೆದುಕೊಂಡಿತು. ಒಳಗೆ ಮೂಳೆ ಮುರಿದ ಸದ್ದು ಏರಿಯ ಮೇಲಿದ್ದವರಿಗೆ ಕೇಳಿಸಿತೆನ್ನುತ್ತಾರೆ. ಅದಾದ ಮೇಲೆ ಕಾಲುವೆಯ ನೀರು ಇಳಿಯುತ್ತ ಇಳಿಯುತ್ತ ತೋಳುಗಾತ್ರಕ್ಕೆ ಬಂದು ನಿಂತಿತು. ಕೆರೆಯಲ್ಲಿ ಕಾಲುಭಾಗ ನೀರು ಉಳಿದದ್ದು ಹಾಗೆ.

ಮುಂದಿನದನ್ನು ನಮ್ಮ ಹಿರಿಯರು ದನಿ ತಗ್ಗಿಸಿ ಹೇಳುತ್ತಿದ್ದರು. ನೀರಿಳಿದ ಮೇಲೆ ಊರಿನವರು ಹೊಂಗೆಮರದ ಬಳಿಗೆ ಹೋದರು. ದಳವಾಯಿಗೆ ಜೀವವಿತ್ತು. ಮೈತುಂಬ ಕೆಸರು, ಕೆಸರಿನ ಮೇಲೆ ಗರಿ ಮೆತ್ತಿಕೊಂಡಿತ್ತು. ಅವನು ನೀರು ಕೇಳಿದ. ಅಲ್ಲೇ ತೇಲಿಬಂದು ಬಿದ್ದಿದ್ದ ದೊಣ್ಣೆಗಳನ್ನು ಎತ್ತಿಕೊಂಡು, ಮೂರು ದಿನ ಬಾತಿನ ಸಾರು ಉಂಡ ಅದೇ ಜನ ಅವನ ತಲೆಯನ್ನು ಜಜ್ಜಿ ಕೊಂದರು. ಅದರಲ್ಲಿ ಶೌರ್ಯವೇನೂ ಇರಲಿಲ್ಲ. ತಾವು ಕಾಟಯ್ಯನಿಗೆ ಬಾಗಿಲು ಹಾಕಿದ್ದನ್ನು ಮರೆಯುವುದಕ್ಕೆ ಅವರಿಗೆ ಯಾರನ್ನಾದರೂ ಹೊಡೆಯಬೇಕಾಗಿತ್ತು.

ಊರಿಗಾಗಿ ರಕ್ತ ಚೆಲ್ಲಿದವನ ಮನೆಯವರಿಗೆ ನೆಲ ಬಿಟ್ಟುಕೊಡುವುದು ಹಿಂದಿನಿಂದ ಬಂದ ಪದ್ಧತಿ; ಅದನ್ನು ನೆತ್ತರುಗೊಡಗೆ ಎನ್ನುತ್ತಾರೆ. ಹಿರಿಯರು ಈ ಸಲ ಕಾಲುನೋವಿನ ಮಾತೆತ್ತದೆ ಸೇರಿ, ಮುದುಕನೂ ಊರು ಬಿಟ್ಟು ವಾರಸುದಾರನಿಲ್ಲದೆ ಉಳಿದಿದ್ದ ತುದಿಗದ್ದೆಯನ್ನು ಬೋರಕ್ಕನಿಗೆ ಕೊಡಲು ಬಂದರು. ಆಕೆ ಒಪ್ಪಲಿಲ್ಲ.

"ಮೊದಲು ಚೆಲ್ಲಿದ್ದು ಯಾರ ನೆತ್ತರು? ಅವಕ್ಕೆ ಕೊಡಿ. ಬರ್ತಾವೋ ಇಲ್ವೋ, ಗದ್ದೆ ಅವುಗಳದ್ದು. ತೂಬು ನಾನು ನೋಡ್ಕೋತೀನಿ," ಎಂದಳು.

ಊರಿನವರು ತೂಬಿನ ಚಪ್ಪಡಿಯನ್ನು ಮತ್ತೆ ಕೂರಿಸಿಕೊಟ್ಟರು, ಅಂದಿನಿಂದ ಬಿರಡೆ ಆ ಮನೆಯ ಹೆಣ್ಣುಮಕ್ಕಳ ಕೈಗೆ ಬಂತು. ಮಾರನೆಯ ವರ್ಷ ಬೋರಕ್ಕ ತುದಿಗದ್ದೆಗೆ ಜೋಳ ಎರಚಿಸಿ, ಕಾರ್ತಿಕದಲ್ಲಿ ಬಿರಡೆಯನ್ನು ಬೆರಳಷ್ಟೇ ಎತ್ತಿ, ಸಣ್ಣ ಧಾರೆಯಾಗಿ ಕಟ್ಟಳೆಯಂತೆ ಮೊದಲ ನೀರು ಬಿಟ್ಟಳು. ಜನ ನಕ್ಕರು. ಗದ್ದೆಯ ಒಡೆಯರು ಹಕ್ಕಿಗಳಾದರೆ ಸಾಕು ಎನ್ನುವವರು ಯಾರು? ಅವು ಬಂದು ಗದ್ದೆಗೆ ಇಳಿದರೆ ಸಾಕೆಂದ ಹಾಗೆ, ಇಳಿದ ದಿನ ಮುಚ್ಚುತ್ತೇನೆ ಎಂದಳಂತೆ. ಹತ್ತೊಂಬತ್ತು ದಿನ ನೀರು ಹರಿಯಿತು. ಇಪ್ಪತ್ತನೆಯ ದಿನ ಬೆಳಿಗ್ಗೆ ಐದು ಬಾತುಗಳು ಬಂದು ಎಳೆ ಜೋಳದಲ್ಲಿ ಇಳಿದವು. ಅದನ್ನು ಕಂಡ ಮೇಲಿನ ಗದ್ದೆಯವನು ನಗುವುದನ್ನು ಮರೆತು ಕೂಗು ಹಾಕಿದ. ಬೋರಕ್ಕ ತೂಬು ಮುಚ್ಚಿದಳು. ಶಿವರಾತ್ರಿ ಕಳೆದು ಅವು ಹೊರಡುವವರೆಗೆ ಮತ್ತೆ ಯಾರಿಗೂ ತೆರೆಯಲಿಲ್ಲ, ಹಾಗಾಗಿ ದಿಬ್ಬಕ್ಕೆ ದಾರಿ ಬೀಳಲಿಲ್ಲ. ಹಿರಿಕೆರೆ ಸಾಕೆಂದ ಕೆರೆಯಾದದ್ದು ಹೀಗೆ. ಕೆಲವರು ದಳವಾಯಿ ಸಾಕೆಂದದ್ದರಿಂದ ಎನ್ನುತ್ತಾರೆ, ಕೆಲವರು ಆ ಐದು ಹಕ್ಕಿಗಳು ಸಾಕೆಂದದ್ದರಿಂದ ಎನ್ನುತ್ತಾರೆ.

ಈಗ ಬಂದವರಿಗೆ ಏರಿಯ ಮೇಲೆ ಒಂದು ವೀರಗಲ್ಲು ಕಾಣುತ್ತದೆ, ಅದರಲ್ಲಿ ಕುದುರೆಯಿಲ್ಲ, ಕತ್ತಿಯಿಲ್ಲ. ತಲೆ ಮೇಲೆ ಕಾಲು ಕೆಳಗಾಗಿ ಇಳಿಯುತ್ತಿರುವ ಮನುಷ್ಯನೊಬ್ಬನ ಸುತ್ತ ಸಾಲು ಹಕ್ಕಿಗಳಿವೆ. ಕೆಳಗೆ ನೋಡಿದರೆ ಯಾರೂ ಕೊಯ್ಯದ ತುದಿಗದ್ದೆ ಕಾಣುತ್ತದೆ. ತೂಬಿನ ಬಳಿ ತಿಪ್ಪಕ್ಕ ಸಿಗುತ್ತಾಳೆ. ಬೋರಕ್ಕನ ಮನೆಯವಳು, ಅರವತ್ತರ ಮೇಲಿನ ಪ್ರಾಯ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹಿಂಡುಗಳು ಇಳಿಯುವಾಗ ಸೈಕಲ್ ನಿಲ್ಲಿಸಿ ಕಿವಿ ಮುಚ್ಚಿಕೊಳ್ಳಬೇಕಾಗಿತ್ತು. ಆಮೇಲೆ ಸುತ್ತಲಿನ ಕೆರೆಗಳು ನಿವೇಶನಗಳಾದವು, ಬಯಲಿನ ಮೇಲೆ ದೊಡ್ಡ ಕರೆಂಟು ತಂತಿ ಎಳೆದರು, ಕಡಲೆಗೆ ಹೊಡೆಯುವ ಔಷಧಿ ತಿಂದು ಹಕ್ಕಿಗಳು ಬದುವಿನ ಮೇಲೆ ಸಾಲಾಗಿ ಸತ್ತು ಬಿದ್ದದ್ದನ್ನು ನಾನೇ ನೋಡಿದ್ದೇನೆ. ದೊಣ್ಣೆ ಹಿಡಿದವರು ಯಾರೂ ಇರಲಿಲ್ಲ. ಹಿಂಡು ನೂರಕ್ಕಿಳಿಯಿತು, ನಲವತ್ತಕ್ಕಿಳಿಯಿತು. ಹೋದ ವರ್ಷ ಮಾರ್ಗಶಿರದ ಕೊನೆಗೆ ಒಂಬತ್ತು ಬಂದವು, ತಿಪ್ಪಕ್ಕ ತೂಬು ಮುಚ್ಚಿದಳು.

ಈ ವರ್ಷ ಪುಷ್ಯ ಮುಗಿಯುತ್ತ ಬಂದಿದೆ. ಕಾರ್ತಿಕದಲ್ಲಿ ಅದೇ ಸಣ್ಣ ಧಾರೆಗೆ ತೆರೆದ ತೂಬು ತೆರೆದೇ ಇದೆ. ಊರಿನವರು ಹೋಗಿ, ಬೇಸಿಗೆಗೆ ನೀರು ಬೇಡವೇ, ನೀನೇ ಸಾಕು ಎಂದುಬಿಡು ಎಂದು ಬೇಡಿಕೊಂಡರು, ಕಾಲು ಹಿಡಿಯುವುದೊಂದು ಬಾಕಿ. ಹೋದವರಲ್ಲಿ ನಾನೂ ಒಬ್ಬ.

"ಆ ಮಾತು ನಂದಲ್ಲಣ್ಣ," ಎಂದಳು ತಿಪ್ಪಕ್ಕ. "ಯಾರದ್ದು ಅಂತ ನಿಂಗೂ ಗೊತ್ತೈತೆ."

ಮೂಡಣ ಬದಿಯಲ್ಲಿ ತಳ ಮೇಲೆದ್ದು ದಿಬ್ಬಕ್ಕೆ ದಾರಿ ಬಿದ್ದಿದೆ. ನೋಡಲು ಬಂದವರು ಚಪ್ಪಲಿ ನೆನೆಯದ ಹಾಗೆ ನಡೆದು ಹೋಗಿ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕೆಳಗೆ ತುದಿಗದ್ದೆಯ ಜೋಳ ಎದೆಯುದ್ದ ಬೆಳೆದಿದೆ, ಒಂದು ಎಲೆಯನ್ನೂ ಯಾವುದೂ ಕಚ್ಚಿಲ್ಲ. ನೀರು ಬದುವಿನ ಮೇಲೆ ಹೊರಳಿ ಹಳ್ಳಕ್ಕೆ ಹರಿಯುತ್ತಲೇ ಇದೆ. ಸಾಕು ಎನ್ನಬೇಕಾದವರು ಇನ್ನೂ ಬಂದಿಲ್ಲ.